ಕಾಯಿಸಿದ ಮರದ ತೊಲೆ

ಶನಿವಾರ, ಜೂನ್ 21

ನಡುರಾತ್ರಿಯಾದರೂ ಹೊರಗೆ ಇನ್ನೂ ಬೆಳಕಿದೆ; ಈ ಉತ್ತರದ ನಾಡಿನ ಬೇಸಿಗೆಯೇ ಹೀಗೆ. ಮುಖ ಮುಚ್ಚಿಕೊಳ್ಳಲು ಕತ್ತಲೆಯೂ ಇಲ್ಲ.

ಕಾರ್ಖಾನೆಯ ಒಲೆಯಲ್ಲಿ ಕಾಯಿಸಿದ ಮರ ನೀರಿಗೆ ಉಬ್ಬುವುದಿಲ್ಲ, ಬೇಗ ಕೊಳೆಯುವುದಿಲ್ಲ, ಬಿಸಿಲಿಗೂ ಅಂಟು ಒಸರುವುದಿಲ್ಲ ಎಂದು ಟಾಪಿಯೊ ಮಾವನಿಗೆ ನಾನೇ ಹೇಳಿದ್ದೆ. ಸರೋವರದ ದಡದಲ್ಲಿ, ನೀರಿಗಿಳಿಯಲು ನಾನು ಕಟ್ಟಿಕೊಟ್ಟ ಮರದ ಅಟ್ಟಣೆಗೆ ಮೇಲಿನ ಹಲಗೆ ಮಾತ್ರ ಅದರದ್ದು ಹಾಕಬೇಕಿತ್ತು. ಬಣ್ಣದ ಚೆಂದಕ್ಕೆ ಮರುಳಾಗಿ ಭಾರ ಹೊರುವ ತೊಲೆಗೂ ಅದನ್ನೇ ಹಾಕಿದೆ. ಕಾಯಿಸಿದರೆ ಮರದ ಬಲ ಕುಗ್ಗುತ್ತದೆಂದು ಗೊತ್ತಿತ್ತು.

ಇಂದು ಸೌನಾ ಎಂಬ ಹಬೆಸ್ನಾನದ ಕೋಣೆಯಿಂದ ನೀರಿಗೆ ಹಾರಲು ಬೆತ್ತಲೆ ಓಡಿಬಂದ ಮಾವ ಅಟ್ಟಣೆಗೆ ಕಾಲಿಟ್ಟದ್ದೇ ತೊಲೆ ಲಟಕ್ಕನೆ ಮುರಿಯಿತು. ಮೊಣಕಾಲು ತರಚಿ ರಕ್ತ ಬಂತು.

"ಏನ್ರೀ, ಮರ ಕೆಟ್ಟದ್ದಾ?" ಅಂದಳು ಸಿರ್ಕಾ ಅತ್ತೆ.

"ಮರ ಚೆನ್ನಾಗೇ ಇದೆ ಕಣೇ. ನೀನು ತಿನ್ನಿಸಿದ ಸಾಸೇಜೇ ಜಾಸ್ತಿಯಾಯ್ತು," ಎಂದ ಮಾವ, ನನ್ನ ಕಡೆ ನೋಡದೆ.

ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಎಲ್ಲರೂ ನಗುತ್ತಿದ್ದರು; ನಾನೂ ಅವರ ಜೊತೆ ನಕ್ಕುಬಿಟ್ಟೆ.