ಕಡತದಲ್ಲಿರುವ ಹೆಬ್ಬೆಟ್ಟು ಯಾರದು?

ಮಾನ್ಯ ತೆರಿಗೆ ಅಧಿಕಾರಿಗಳೇ,

ಶಾಗ್ಯದ ಚಿಕ್ಕನಿಂಗಮ್ಮ ಎಂದೂ ನೇಮಿಸದ ವಕೀಲನೊಬ್ಬ, ಅವರು ಎಂದೂ ನಡೆಸದ ವ್ಯಾಪಾರದ ತೆರಿಗೆಯನ್ನು ಅವರ ಪರವಾಗಿ ನಿಮ್ಮೆದುರು ಒಪ್ಪಿಕೊಂಡು ಹೋಗಿದ್ದಾನೆ. ನೀವು ಅದನ್ನು ಮರುಮಾತಿಲ್ಲದೆ ಸ್ವೀಕರಿಸಿದ್ದೀರಿ. ಇದನ್ನೇ ಲಕೋಟೆಯೊಳಗಿಟ್ಟು ಎರಡು ಬಾರಿ ಬರೆದೆ. ಉತ್ತರವಿಲ್ಲ. ಆದ್ದರಿಂದ ಈಗ ಊರೆದುರು ಬರೆಯುತ್ತಿದ್ದೇನೆ.

ನಾನು ಕೊಳ್ಳೇಗಾಲದಲ್ಲಿ ಮೂವತ್ತು ವರ್ಷಗಳಿಂದ ಅರ್ಜಿ ಟೈಪು ಮಾಡುವವನು. ಚಿಕ್ಕನಿಂಗಮ್ಮ ಇಲ್ಲಿಗೆ ರೇಷ್ಮೆ ನೂಲು ತೆಗೆಯುವ ಕೂಲಿಗೆ ಬರುವವರು. ಕಳೆದ ತಿಂಗಳು ನಿಮ್ಮ ಇಂಗ್ಲಿಷ್ ನೋಟಿಸು ಹಿಡಿದು ನನ್ನ ಮೇಜಿಗೆ ಬಂದರು. ಅವರ ಹೆಸರಿನಲ್ಲಿ ಗ್ರಾನೈಟ್ ಕಂಪನಿಯೊಂದಿದೆ, ಅದರ ತೆರಿಗೆ ಕಟ್ಟಿಲ್ಲ ಎಂದು ಓದಿ ಹೇಳಿದೆ.

“ಕಲ್ಲಾ ಸಾ? ಒಲೆಗುಂಡು ಬುಟ್ರೆ ನಮ್ಮನೇಲಿ ಬ್ಯಾರೆ ಕಲ್ಲಿಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿದರು. “ನೆನ್ನೆನೇ ಯಾರೋ ಪೋನ್ ಮಾಡಿದ್ರು ಸಾ. ‘ನಾಳೆ ಒಂದು ಕಾಗ್ದ ಬತ್ತದೆ, ಯಾರ್ಗೂ ತೋರಿಸ್ಬ್ಯಾಡ, ನಾನೇ ನಿನ್ ಟ್ಯಾಕ್ಸ್ ಲಾಯರು’ ಅಂದ್ರು.”

ನೋಟಿಸಿಗಿಂತ ಮೊದಲೇ ಬರುವ ವಕೀಲ! ಇಷ್ಟು ಚುರುಕಾದ ಸೇವೆ ತಮ್ಮ ಇಲಾಖೆಯಲ್ಲೂ ಇದೆಯೇ?

ನಿಜವಾದ ವಕೀಲರನ್ನು ಹುಡುಕುವುದು ಸುಲಭವಾಗಲಿಲ್ಲ. ಕೊಳ್ಳೇಗಾಲದಲ್ಲಿ ನಾನು ಕೇಳಿದವರೆಲ್ಲ ಜಮೀನು, ಪಾಲು, ಜಾಮೀನಿನ ಕೇಸು ನೋಡುವವರು. ಹನೂರಿನ ಒಬ್ಬರು, “ಟ್ಯಾಕ್ಸಾ? ಮೈಸೂರ್ಗೋಗಿ ಕಣ್ರಿ,” ಎಂದವರು ಕಾಗದ ಮುಟ್ಟಲೂ ಇಲ್ಲ. ಉತ್ತರ ಕೊಡಲು ನಾಲ್ಕೇ ದಿನ ಉಳಿದಿದ್ದಾಗ ಯಳಂದೂರಿನ ಯಶೋದ ಸಿಕ್ಕರು. ಕಾನೂನು ಓದುವ ಮೊದಲು ಆಡಿಟರ್ ಬಳಿ ಕೆಲಸ ಮಾಡಿದ್ದವರು. ಫೀಸಿನ ಮಾತೆತ್ತುವ ಮೊದಲು ತಮ್ಮ ವಕೀಲಿಯ ಗುರುತಿನ ಚೀಟಿ ತೋರಿಸಿದರು. “ಯಾರ್ ಲಾಯರ್ ಅಂದ್ರೂ ಮೊದ್ಲು ಇದ್ನ ಕೇಳಿ ಅಮ್ಮ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ಬೇಡಿ, ಓಟಿಪಿ ಹೇಳ್ಬೇಡಿ.”

“ನಾನೆಲ್ಲೂ ಒತ್ತಿಲ್ಲ ಕಣವ್ವ,” ಎಂದರು ಚಿಕ್ಕನಿಂಗಮ್ಮ.

ಮೂವರೂ ನಿಮ್ಮ ಕೋಣೆಗೆ ಬಂದೆವು. “ನಿಮ್ಮ ವಕೀಲರು ಆಗಲೇ ಒಪ್ಪಿಕೊಂಡಾಯಿತಲ್ಲ,” ಎಂದಿರಿ. ತೋರಿಸಿದ ವಕಾಲತ್ತಿನ ಮೇಲೆ ಹೆಬ್ಬೆಟ್ಟು, ಒಂದೊಂದು ಗೆರೆಯೂ ಎದ್ದು ಕಾಣುವಂತೆ. ಯಶೋದ ಬ್ಯಾಗಿನಿಂದ ಮಸಿ ಪ್ಯಾಡು ತೆಗೆದು ಚಿಕ್ಕನಿಂಗಮ್ಮನ ಹೆಬ್ಬೆರಳು ಒತ್ತಿಸಿದರು. ಇಪ್ಪತ್ತು ವರ್ಷ ಕುದಿನೀರಿನಲ್ಲಿ ರೇಷ್ಮೆಗೂಡು ತಡವಿ ಸವೆದ ಬೆರಳು. ಹಾಳೆಯ ಮೇಲೆ ಮೂಡಿದ್ದು ಬರೀ ಕಪ್ಪು ಮಚ್ಚೆ.

ನೀವು ಎರಡನ್ನೂ ನೋಡಿದಿರಿ. “ಪರಿಶೀಲಿಸುತ್ತೇವೆ,” ಎಂದಿರಿ. ಎಂಥ ಪರಿಶೀಲನೆ! ಮೂರನೇ ದಿನಕ್ಕೆ ಚಿಕ್ಕನಿಂಗಮ್ಮನ ಬ್ಯಾಂಕ್ ಖಾತೆಗೆ ತಡೆ ಬಿತ್ತು. ಯಶೋದ ಮೇಲ್ಮನವಿ ಹಾಕಿದ್ದಾರೆ. ಚಿಕ್ಕನಿಂಗಮ್ಮ ಈಗ ಫೋನ್ ಸದ್ದು ಮಾಡಿದರೆ ಸೆರಗಿನಲ್ಲಿ ಸುತ್ತಿಡುತ್ತಾರೆ.

ಖಾತೆಯ ತಡೆ ತೆಗೆಯಿರಿ. ಎರಡೂ ಹೆಬ್ಬೆಟ್ಟುಗಳನ್ನು ಬೆರಳಚ್ಚು ತಜ್ಞರಿಗೆ ಕಳಿಸಿ. ಆ ವಕೀಲನ ಹೆಸರು, ನೋಂದಣಿ ಸಂಖ್ಯೆಯನ್ನು ಬರಹದಲ್ಲಿ ಕೊಡಿ. ಇನ್ನೊಂದಕ್ಕೂ ಉತ್ತರ ಬೇಕು. ಅಂದು ನಾವು ಬಸ್ಸು ಹತ್ತುವ ಮೊದಲೇ ಯಶೋದರ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. “ಏನ್ ಮೇಡಂ, ಮಸಿ ಪ್ಯಾಡ್ ಯಾವಾಗ್ಲೂ ಬ್ಯಾಗಲ್ಲೇ ಇಟ್ಕಂಡಿರ್ತೀರಾ?”

ಬಾಗಿಲು ಮುಚ್ಚಿದ್ದ ಆ ಕೋಣೆಯಲ್ಲಿ ಇದ್ದವರು ನಾವು ಮೂವರು ಮತ್ತು ನೀವು. ನಾವು ಮೂವರೂ ಯಾರಿಗೂ ಹೇಳಿರಲಿಲ್ಲ.

ಇಂತಿ,
ಮುಂದಿನ ನೋಟಿಸು ತನ್ನ ಹೆಸರಿಗೇ ಬರಬಹುದೆಂದು ಬಲ್ಲ
ಸಿದ್ದಮಲ್ಲಪ್ಪ
ಅರ್ಜಿ ಟೈಪಿಸ್ಟ್, ಕೊಳ್ಳೇಗಾಲ