ಹಿಂದಿನ ಗೇಟಿನ ಚೀಲ, ಮುಂದಿನ ಗೇಟಿನ ಚೀಲ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ ಈಗಷ್ಟೇ ಕೂತಿದ್ದೇನೆ. ಉಪವಾಸವಿದ್ದು ಸುಳ್ಳು ಬರೆಯುವವಳಲ್ಲ, ಆದ್ದರಿಂದ ನೇರವಾಗಿಯೇ ಕೇಳುತ್ತೇನೆ: ನಿಮ್ಮ ಆಸ್ಪತ್ರೆಯಲ್ಲಿ ಹಿಂದಿನ ಗೇಟಿನಿಂದ ಹೋಗುವವರೆಲ್ಲ ಕಳ್ಳರು, ಮುಂದಿನ ಗೇಟಿನಿಂದ ಹೋಗುವವರೆಲ್ಲ ಸಾಚಾ ಎಂದು ತೀರ್ಮಾನಿಸಿದವರು ಯಾರು?

ನಾನು ನಿಮ್ಮ ಬಟ್ಟೆ ಒಗೆಯುವ ವಿಭಾಗದವಳು. ರೋಗಿಗಳ ಬೆಡ್‌ಶೀಟು ಒಗೆದು, ಇಸ್ತ್ರಿ ಮಾಡಿ, ಮಡಚುವುದು ನಮ್ಮ ಕೆಲಸ. ಸಂಜೆ ಹಿಂದಿನ ಗೇಟಿನಿಂದ ಹೊರಡುವಾಗ ಸೆಕ್ಯುರಿಟಿಯವನು ನಮ್ಮ ಕೈಚೀಲಗಳನ್ನು ಮೇಜಿನ ಮೇಲೆ ಸುರಿಸಿ ನೋಡುತ್ತಾನೆ. ಕಳೆದ ವಾರ ನನ್ನ ಚೀಲದಲ್ಲಿ ಪ್ರಾರ್ಥನೆಯ ಪುಸ್ತಕವಿತ್ತು. ಎಲ್ಲರ ಎಂಜಲು ಊಟದ ಡಬ್ಬಿ ಉರುಳಿದ ಮೇಜಿನ ಮೇಲೆ ಅದನ್ನು ಸುರಿಯಲು ನಾನು ಒಪ್ಪಲಿಲ್ಲ. ಅಂದಿನಿಂದ ಮನೆಯಲ್ಲಿದ್ದೇನೆ. ತಪ್ಪಾಯಿತೆಂದು ಬರೆದುಕೊಟ್ಟರೆ ಸೋಮವಾರದಿಂದ ಕೆಲಸ, ಇಲ್ಲದಿದ್ದರೆ ಇಲ್ಲ ಎಂದು ನಿಮ್ಮ ಕಚೇರಿ ಹೇಳಿಕಳಿಸಿದೆ. 'ಪ್ರಾಮಾಣಿಕರಿಗೆ ತಪಾಸಣೆಯ ಭಯವಿಲ್ಲ' ಎಂದು ನಮ್ಮ ಗೇಟಿನ ಗೋಡೆಗೆ ನೀವೇ ಬರೆಸಿದ್ದೀರಿ. ಎಂಥ ಒಳ್ಳೆಯ ಮಾತು. ನಿಮ್ಮ ಕಾರಿನ ಡಿಕ್ಕಿಯನ್ನು ಯಾರೂ ತೆಗೆಸಿ ನೋಡದಿರುವುದರಿಂದ ಅದನ್ನು ರುಜುವಾತು ಮಾಡುವ ಭಾಗ್ಯ ನಿಮಗಿನ್ನೂ ಒದಗಿಲ್ಲ, ಪಾಪ.

ಇನ್ನು ನನ್ನ ವಾರಗಿತ್ತಿಯ ಸಂಗತಿ. ಮೈದುನನ ಹೆಂಡತಿ, ಒಂದೇ ಮನೆ, ಎರಡು ಒಲೆ. ವರ್ಷಗಟ್ಟಲೆ ಒಂದೇ ಬೆಡ್‌ಶೀಟಿನ ಆ ತುದಿ ಅವಳು, ಈ ತುದಿ ನಾನು ಹಿಡಿದು ಮಡಚಿದವರು. ಆಗ ಅವಳ ಬಾಯಿ ಕೇಳಬೇಕಿತ್ತು. "ನಮ್ ಚೀಲಕ್ಕೆ ಕೈ ಹಾಕೋನ ಕೈಗೆ ಹುಳ ಬೀಳ್ಲಿ ಕಣಕ್ಕ. ಬಡವ್ರಾದ್ರೆ ಕಳ್ರಾ?" ಎನ್ನುತ್ತಿದ್ದಳು. ಹೋದ ವರ್ಷ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಅವಳ ಅಂಗೈ ಸುಟ್ಟಿತು. ಹಗುರ ಕೆಲಸವಿರಲೆಂದು ಬಟ್ಟೆ ಹಂಚುವ ಸ್ಟೋರಿನ ಕುರ್ಚಿಯಲ್ಲಿ ಕೂರಿಸಿದಿರಿ. ಕೈ ವಾಸಿಯಾಯಿತು, ಕುರ್ಚಿ ಅವಳದೇ ಆಯಿತು. ಈಗ ತಲೆಯ ಮೇಲೆ ಫ್ಯಾನು, ಓಡಾಡಲು ಮುಂದಿನ ಗೇಟು, ಯಾರೂ ಮುಟ್ಟದ ಚೀಲ. ಸುಡುವುದೇ ಇದ್ದರೆ ನನ್ನ ಕೈ ಸುಡಬಾರದಿತ್ತೇ ಎಂದು ದೇವರ ಮುಂದೆ ನಿಂತು ಕೇಳಿದ್ದೇನೆ. ಹೊಟ್ಟೆಕಿಚ್ಚು ಅನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ಉಪವಾಸ ಅವಳಿಗೂ ಉಂಟು. ಫ್ಯಾನಿನ ಕೆಳಗೆ ಕೂತು ಮಾಡುವುದನ್ನೂ ಬಾಯ್ಲರಿನ ಹಬೆಯಲ್ಲಿ ನಿಂತು ಮಾಡುವುದನ್ನೂ ದೇವರು ಒಂದೇ ತಕ್ಕಡಿಯಲ್ಲಿ ತೂಗುತ್ತಾನೋ ಏನೋ, ನಾ ಕಾಣೆ. ಅವಳ ಹಿಮ್ಮಡಿಯ ಬಿರುಕು ಮುಚ್ಚಿದೆ, ಮಾತು ಮೆತ್ತಗಾಗಿದೆ. ದೊಡ್ಡವಳಿಗಿಂತ ಚಿಕ್ಕವಳೇ ಗುಣವಂತೆ ಎಂದು ಮನೆಗೆ ಬಂದ ನೆಂಟರೆಲ್ಲ ಹೇಳಿಹೋಗುತ್ತಾರೆ. ದಿನವಿಡೀ ನಿಂತು ಬಂದವಳಿಗೆ ಅಷ್ಟು ಗುಣ ಎಲ್ಲಿಂದ ಬರಬೇಕು ಸ್ವಾಮಿ?

ಮೊನ್ನೆ ನನ್ನ ಗಂಡನೆದುರೇ ಅವಳೆಂದಳು: "ಅಕ್ಕ, ಕದ್ದಿಲ್ಲ ಅಂದ್ಮೇಲೆ ತೋರ್ಸೋಕೇನು? ರೂಲ್ಸ್ ಅಂದ್ರೆ ರೂಲ್ಸು."

"ಹುಳ ಬೀಳ್ಲಿ ಅಂತಿದ್ಯಲ್ಲೇ, ಮರೆತ್ಯಾ?" ಎಂದೆ.

"ಆಗ ನಂಗೆ ತಿಳುವಳಿಕೆ ಇರ್ಲಿಲ್ಲ" ಎಂದಳು.

ಈ ತಿಳುವಳಿಕೆ ಬಂದದ್ದೆಲ್ಲಿಂದ? ಇಬ್ಬರೂ ಓದಿದ್ದು ಹಳ್ಳಿಶಾಲೆಯಲ್ಲಿ, ಕೈಮುಗಿಯುವುದು ಒಂದೇ ದೇವರಿಗೆ. ನಡುವೆ ಬಂದದ್ದು ಒಂದು ಕುರ್ಚಿ, ಒಂದು ಗೇಟು, ಅಷ್ಟೇ. ಅವಳು ಕೆಟ್ಟವಳಲ್ಲ. ನಾಳೆ ಅಲ್ಲಿ ನನ್ನನ್ನು ಕೂರಿಸಿದರೆ ತಿಂಗಳು ತುಂಬುವುದರೊಳಗೆ ನನಗೂ ಅದೇ ತಿಳುವಳಿಕೆ ಬಂದೀತು. ನನಗೆ ಭಯವಾಗುವುದು ಅದಕ್ಕೇ. ಆ ಕುರ್ಚಿಯ ಮೇಲಿನ ಆಸೆ ಮಾತ್ರ ಬಿಟ್ಟಿಲ್ಲ.

ಆದ್ದರಿಂದ ತಪ್ಪಾಯಿತೆಂದು ಬರೆದುಕೊಡುವುದಿಲ್ಲ. ಎರಡೂ ಗೇಟಿನಲ್ಲಿ ಮೇಜು ಹಾಕಿಸಿ, ನಿಮ್ಮ ಚೀಲದಿಂದಲೇ ಶುರುಮಾಡಿ. ಇಲ್ಲವೇ ನಮ್ಮ ಮೇಜು ತೆಗೆಸಿ ನನ್ನನ್ನು ಕೆಲಸಕ್ಕೆ ಕರೆಯಿರಿ. ಎರಡರಲ್ಲಿ ಯಾವುದಾದರೂ ಆದೀತು. ಮೊದಲನೆಯದಾದರೆ ಸಂತೋಷ ಒಂದು ಹಿಡಿ ಹೆಚ್ಚು.

ಉತ್ತರ ಪಡೆಯಲು ನನ್ನನ್ನು ಒಳಗೆ ಬಿಡುವುದಿಲ್ಲ. ವಾರಗಿತ್ತಿಯ ಚೀಲದಲ್ಲೇ ಇಟ್ಟು ಕಳಿಸಿ. ಒಂದೇ ಕೋರಿಕೆ: ಅವತ್ತೊಂದು ದಿನ ಅವಳು ಅದನ್ನು ಹಿಂದಿನ ಗೇಟಿನಿಂದ ತರಲಿ.

ಇಂತಿ,
ಸೋಮವಾರ ಕೆಲಸವಿದೆಯೋ ಇಲ್ಲವೋ ತಿಳಿಯದೆ ಕೂತಿರುವ
ಒಗೆಯುವ ವಿಭಾಗದ ದೊಡ್ಡಕ್ಕ