ನಲವತ್ತು ಅಕ್ಷರದ ಇತರೆ

ಮಾರ್ಚ್ 6, ಬೆಳಗ್ಗೆ 7.10

ಮತ್ತೆ ಇತರೆ. ನಾಲ್ಕು ಸಾವಿರ ಚಿಲ್ಲರೆ ಸಾಲು. ವಿದೇಶದಿಂದ ಬಂದವರು ವಾಪಸ್ ಹೊರಟಾಗ ಏರ್‌ಪೋರ್ಟಿನಲ್ಲಿ ನಮ್ಮ ಆಫೀಸಿನವರು ಕೇಳುತ್ತಾರೆ — ಯಾಕೆ ಬಂದಿದ್ರಿ? ರಜೆ, ವ್ಯಾಪಾರ, ನೆಂಟರ ಭೇಟಿ, ಚಿಕಿತ್ಸೆ, ಓದು. ಈ ಐದರಲ್ಲಿ ಕೂರದವರು ಇತರೆ. ಅವರನ್ನು ಎತ್ತಿ ಯಾವುದಾದರೂ ಒಂದರಲ್ಲಿ ಕೂರಿಸುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ನಿನ್ನೆ ಒಬ್ಬ — ಎರವಲು ತಂದ ಸೂಟ್‌ಕೇಸ್ ವಾಪಸ್ ಕೊಡೋಕೆ ಬಂದೆ. ನೆಂಟರಿಗೆ ಹಾಕಿದೆ. ಇನ್ನೊಬ್ಬಳು — ಮೊದಲ ಗಂಡನಿಗೆ ಇನ್ನೂ ಕೋಪ ಇದೆಯಾ ನೋಡೋಕೆ. ಅರ್ಧ ಗಂಟೆ ತಲೆ ಕೆರೆದುಕೊಂಡು ರಜೆಗೆ ಹಾಕಿದೆ.

ಅಕ್ಕ ನಿನ್ನೆ ಸಂಜೆ ವಿದೇಶದಿಂದ ಬಂದಳು. ಇನ್ನೂ ಮಲಗಿದ್ದಾಳೆ. ಹೊಸ ಟವೆಲ್, ಗಾಜಿನ ಲೋಟ ಎಲ್ಲ ತೆಗೆದಿಟ್ಟಿದ್ದೇನೆ. ಏನೋ ಕಮ್ಮಿ ಆಯಿತು ಅನ್ನಬಾರದು. ಆರು ವರ್ಷದ ಹಿಂದೆ ಅಮ್ಮ ಹೋದಾಗ ಬರಲಿಲ್ಲ. ಆಗ ಫೋನಿನಲ್ಲಿ ಆಡಬಾರದ ಮಾತು ಆಡಿದ್ದೆ. ಆಮೇಲೆ ಬರೀ ಹುಟ್ಟುಹಬ್ಬದ ಮೆಸೇಜು. ಈಗ್ಯಾಕೆ ಬಂದಳೋ... ನಾನಂತೂ ಕೇಳಲ್ಲ.

ಮಾರ್ಚ್ 9, ಭಾನುವಾರ

ಮನೆಯಲ್ಲೇ ವರದಿ. ರಜೆಗೆ ಬರುವವರು ಇಳಿದಿದ್ದಾರೆ. ನೆಂಟರನ್ನು ನೋಡೋಕೆ ಬರುವವರು ಏರಿದ್ದಾರೆ — ಐದು ವರ್ಷದಲ್ಲಿ ನೂರಕ್ಕೆ ಮೂವತ್ತೊಂದರಿಂದ ಮೂವತ್ತೆಂಟು. ಯಾಕೆ ಅಂತ ಡೈರೆಕ್ಟರಿಗೆ ಒಂದು ಪ್ಯಾರಾ ಬೇಕಂತೆ. ಬರೆದೆ, ಹೊಡೆದೆ, ಬರೆದೆ.

ಅಕ್ಕ ಬಾಗಿಲಲ್ಲಿ ನಿಂತಳು. "ಐದು ನಿಮಿಷ ಫ್ರೀ ಇದೀಯೇನೇ?"

"ಡೆಡ್‌ಲೈನ್ ಅಕ್ಕ," ಅಂದೆ. ಸುಳ್ಳಲ್ಲ, ಇತ್ತು. ಐದು ನಿಮಿಷವೂ ಇತ್ತು.

ಮಾರ್ಚ್ 14

ಹೊರಟಳು. ಟ್ಯಾಕ್ಸಿ ಹತ್ತಿಸಿದೆ. ಏರ್‌ಪೋರ್ಟಿನವರೆಗೂ ಹೋಗಬಹುದಿತ್ತು, ಆಫೀಸು ಅದೇ ದಾರಿ. ಹೋಗಲಿಲ್ಲ. ಲೋಟ ತೊಳೆದು ಮೇಲಿನ ಶೆಲ್ಫಿಗೆ ಇಟ್ಟೆ.

ಏಪ್ರಿಲ್ 2, ಮಧ್ಯಾಹ್ನ

ಮಾರ್ಚಿನ ಇತರೆ ಬಂತು. ಸಾಲು 212. ಹೆಂಗಸು, ವಯಸ್ಸು 61, ಹದಿನಾಲ್ಕನೇ ತಾರೀಕಿನ ಫ್ಲೈಟು, ಒಂಬತ್ತು ರಾತ್ರಿ, ಉಳಿದದ್ದು ತಂಗಿ ಮನೆ. ಬಂದ ಕಾರಣ:

"ತಂಗಿಗೆ ಒಂದು ಮಾತು ಹೇಳಬೇಕಿತ್ತು. ಅಮ್ಮ ಹೋದಾಗ ನಾನು ಬರದಿದ್ದಕ್ಕೆ ನಿಜವಾದ ಕಾರ"

ಅಷ್ಟೇ. ನಲವತ್ತು ಅಕ್ಷರ ಆದ ಮೇಲೆ, ಉತ್ತರ ಬರೆದುಕೊಳ್ಳುವ ಟ್ಯಾಬ್ ತೆಗೆದುಕೊಳ್ಳುವುದಿಲ್ಲ. ಆ ನಿಯಮ ಮಾಡಿಸಿದವಳು ನಾನೇ. ಜನ ಪುರಾಣ ಊದುತ್ತಾರೆ, ಓದುವವರು ಯಾರು ಅಂತ ಡೈರೆಕ್ಟರ್ ಹತ್ತಿರ ಹಠ ಹಿಡಿದು ಮಾಡಿಸಿದ್ದೆ.

ಏಪ್ರಿಲ್ 3

ಏರ್‌ಪೋರ್ಟ್ ಗೇಟಿನಲ್ಲಿ ಪ್ರಶ್ನೆ ಕೇಳುವವಳನ್ನು ಹುಡುಕಿಕೊಂಡು ಹೋದೆ. ಆಫೀಸಿನಲ್ಲಿ ಅವಳಿಗೆ ಮೈಕ್ ಅಂತಲೇ ಹೆಸರು, ಗಂಟಲು ಹಾಗಿದೆ.

"ನೆನಪಿದೆ ಮೇಡಂ. ನೆಂಟರ ಭೇಟಿ ಅಂತ ಹಾಕ್ಲಾ ಅಂದೆ. ಒಡಹುಟ್ಟಿದ ತಂಗಿ ನೆಂಟಳು ಹೇಗಾಗ್ತಾಳೆ, ಅದು ಬೇಡ ಅಂದ್ರು. ಅದಕ್ಕೇ ಇತರೆ."

"ಮುಂದೆ ಏನಂದ್ರು?"

"ತುಂಬ ಹೊತ್ತು ಹೇಳಿದ್ರು. ನಲವತ್ತಾಗಿತ್ತಲ್ಲ... ನಾನು ತಲೆ ಆಡಿಸ್ತಾ ಹಿಂದಿನವರನ್ನ ನೋಡ್ತಿದ್ದೆ. ಅವರ ಕಣ್ಣಲ್ಲಿ ನೀರಿತ್ತು." ಆಮೇಲೆ ಏನೋ ಹೊಳೆದಿರಬೇಕು. "ಯಾರು ಮೇಡಂ ಅವರು?" ಮೈಕ್ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಅವಳ ಮೇಲೆ ರೇಗೋಣ ಅಂದರೆ ಯಾವ ಮುಖ ಇಟ್ಟುಕೊಂಡು? ಒಂಬತ್ತು ದಿನ ಪಕ್ಕದ ರೂಮಿನಲ್ಲಿದ್ದಳು. ಕೊನೆಗೆ ಗುರುತು ಪರಿಚಯ ಇಲ್ಲದವರ ಮುಂದೆ ನಿಂತು ಹೇಳಿಕೊಂಡಳು. ತಪ್ಪು ನನ್ನದು. ಪೂರ್ತಿ ನನ್ನದು.

ಏಪ್ರಿಲ್ 11

212 ಇನ್ನೂ ಹಾಗೇ ಇತ್ತು. ಡೈರೆಕ್ಟರ್ ಬಂದು ಹಿಂದೆ ನಿಂತರು. "ಒಂದಕ್ಕೆ ಇಷ್ಟ್ಯಾಕೆ ಎಳೀತೀರಿ? ನೆಂಟರು ಅಂತ ಹಾಕಿ ಮುಗಿಸಿ."

ಹಾಕಿದೆ. ವರದಿಯಲ್ಲಿ ಏರುತ್ತಿರುವ ನೆಂಟರ ಗೆರೆಯಲ್ಲಿ ಈಗ ಅಕ್ಕನೂ ಒಬ್ಬಳು.

ಏಪ್ರಿಲ್ 13, ಭಾನುವಾರ, ಬೆಳಗ್ಗೆ 9

ಫೋನ್ ಮಾಡಿದೆ. "ಅಕ್ಕ, ಅವತ್ತು ಏನೋ ಹೇಳ್ಬೇಕು ಅಂತಿದ್ಯಲ್ಲ..."

"ಹೇಳಿ ಆಯ್ತು ಬಿಡೇ. ಏರ್‌ಪೋರ್ಟಲ್ಲಿ ಯಾರೋ ಪುಣ್ಯಾತ್ಗಿತ್ತಿ ಕೇಳಿದ್ಲು, ಅವಳ ಹತ್ರ ಎಲ್ಲ ಹೇಳ್ಬಿಟ್ಟೆ. ಮನಸ್ಸು ಹಗುರ ಆಯ್ತು. ಮತ್ತೆ ಅದನ್ನ ಎತ್ತೋ ಶಕ್ತಿ ಇಲ್ಲ ನಂಗೆ."

ಕೇಳಿಸಿಕೊಳ್ಳಲಿಲ್ಲ ಅವಳು, ತಲೆ ಆಡಿಸಿದಳು ಅಷ್ಟೇ — ಅನ್ನೋಕೆ ಬಾಯಿ ಬರಲಿಲ್ಲ.

"ನಾನು ಅಲ್ಲಿಗೆ ಬರ್ಲಾ?"

"ಬಾ. ಯಾಕೆ, ಏನಾದ್ರೂ ಕೆಲಸ ಇದೆಯಾ ಇಲ್ಲಿ?"

"ರಜೆ ಮಿಕ್ಕಿದೆ. ಸುಮ್ನೆ," ಅಂದುಬಿಟ್ಟೆ.

"ಸರಿ," ಅಂದಳು.

9.40

ಮತ್ತೆ ಫೋನ್ ಮಾಡಬೇಕು. ರಜೆಗಲ್ಲ ಅನ್ನಬೇಕು. ಕ್ಷಮಿಸು ಅಂತ... ಬೇಡ, ಅದು ನಾಟಕ ಆಗುತ್ತೆ, ನಗ್ತಾಳೆ. ನೇರವಾಗಿ ಹೇಳಬೇಕು. ಅಕ್ಕ, ನೀನ್ಯಾಕೆ ಬರಲಿಲ್ಲ ಅಂತ ಈ ಆರು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿ